ಸ್ವಭಾವೋಕ್ತಿಯೂ ಕುದ್ರುವಿನ ದಿನಚರ್ಯೆಯೂ

ಕುಂದಾಪುರದ ಕಡೆಯಲ್ಲಿ ಹೊಳೆಯ ನಡುವಣ ನೆಲಕ್ಕೆ ಕುದ್ರು ಎಂದು ಹೆಸರು. ಉಪ್ಪಿನಕುದ್ರು ಎಂಬಲ್ಲಿ ಆ ಶಬ್ದವೇ ಊರಿನ ಹೆಸರಾಗಿ ನಿಂತಿದೆ. ಪಾಣಿನಿಯು ‘ಅಪ್’ ಶಬ್ದಕ್ಕೆ ವಿಧಿಸಿದ ಈಕಾರದಿಂದ ಸಿದ್ಧಿಸುವ ‘ದ್ವೀಪ’ಕ್ಕೂ ಇಕ್ಕೆಲದಲ್ಲಿ ನೀರುಳ್ಳ ನೆಲವೆಂದೇ ಅರ್ಥ. ಶಬ್ದಾರ್ಥವು ಇಷ್ಟು ಸರಳವಾಗಿದ್ದರೂ ಕಾವ್ಯಗಳಲ್ಲಿ ದ್ವೀಪವು ಪ್ರಾಯಶಃ ರತ್ನಗಳ ಆಕರ, ಇಲ್ಲವೆ ದೂರದ ರಾಜಕುಮಾರಿಯ ತವರು. ದಂಡಿಯು ಮಹಾಕಾವ್ಯಕ್ಕೆ ಹೇಳಿದ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತುಗಳುಂಟು; ದೋಣಿಯನ್ನು ಕಾದು ಬಾಳುವವರ ದಿನಚರ್ಯೆ ಇಲ್ಲ.

ಬೆಕ್ಕಿನ ಪಾಡೂ ಇದೇ. ಪಂಚತಂತ್ರದ ದಧಿಕರ್ಣನು ಕಪಟತಪಸ್ವಿ. ಮನುವಿನ ‘ಬೈಡಾಲವ್ರತಿಕ’ನು ಧರ್ಮಧ್ವಜಿ. ಆದರೆ ‘ಮಾರ್ಜಾರ’ ಶಬ್ದವು ಮೃಜ್ ಧಾತುವಿನಿಂದ ಬಂದುದು; ಮೈಯನ್ನು ಶುಚಿಮಾಡಿಕೊಳ್ಳುವ ಪ್ರಾಣಿಯನ್ನು ಕಣ್ಣಾರೆ ಕಂಡವನು ಇಟ್ಟ ಹೆಸರು. ನೀತಿಕಥೆಯು ಮರೆತುದನ್ನು ನಿರುಕ್ತಿಯು ಉಳಿಸಿಕೊಂಡಿದೆ.

ಹಾಗಾದರೆ ಇದ್ದುದನ್ನು ಇದ್ದಂತೆ ಹೇಳುವುದು ಕಾವ್ಯವಾದೀತೆ? ದಂಡಿಯು ಸ್ವಭಾವೋಕ್ತಿಯನ್ನು ಮೊದಲ ಅಲಂಕಾರವೆಂದು ಎಣಿಸಿ, ಗಿಳಿ ಪಾರಿವಾಳಗಳನ್ನು ಉದಾಹರಿಸಿದನು. ಬಹುಮಟ್ಟಿಗೆ ಅವನನ್ನು ಅನುಸರಿಸಿದ ಕವಿರಾಜಮಾರ್ಗವೂ ‘ಜಾತಿ’ಗೆ ಸ್ಥಾನವಿತ್ತಿತು. ಕುಂತಕನಾದರೋ, ಸ್ವಭಾವವೇ ಅಲಂಕಾರವಾದರೆ ಅಲಂಕರಿಸಲು ಉಳಿಯುವುದೇನು ಎಂದು ಆಕ್ಷೇಪಿಸಿದನು. ಮಹಿಮಭಟ್ಟನು ಸಮಾಧಾನವನ್ನು ತೋರಿಸಿದನು: ವಸ್ತುವಿಗೆ ಸಾಮಾನ್ಯ, ವಿಶಿಷ್ಟ ಎಂದು ಎರಡು ರೂಪಗಳು, ಸಾಮಾನ್ಯವು ಎಲ್ಲರ ಮಾತಿಗೂ ಎಟಕುವುದು, ವಿಶಿಷ್ಟವು ಪ್ರತಿಭೆಗೆ ಮಾತ್ರ ಗೋಚರ.

ಈ ವಿವೇಕವನ್ನು ಕುದ್ರುವಿಗೆ ಅನ್ವಯಿಸಬಹುದು. ‘ಮಂಜು ಕವಿದಿತ್ತು, ಬೆಕ್ಕು ಮಲಗಿತ್ತು’ ಎಂಬುದು ಸಾಮಾನ್ಯ. ಅದು ವಾರ್ತೆಯೇ ಹೊರತು ಕಾವ್ಯವಲ್ಲ. ಮಂಜಿನೊಳಗೇ ಬಿಸಿಲು ಹರಡಿ ಕಣ್ಣು ಕೋರೈಸುವಾಗ ಎದುರುದಡದ ತೆಂಗಿನ ಸಾಲು ಕಾಣುವುದು, ಆದರೆ ಮರಗಳನ್ನು ಎಣಿಸಲಾಗದು. ದೋಣಿ ಇನ್ನೂ ಕಾಣದಿರುವಾಗಲೇ ಹುಟ್ಟಿನ ಸದ್ದಿಗೆ ಅಕ್ಕಿಮುಡಿಯ ಮೇಲಿನ ಬೆಕ್ಕು ಕಿವಿ ನಿಮಿರಿಸಿ, ಒದ್ದೆ ಮರಳನ್ನು ಬಳಸಿಕೊಂಡು ಮೀನಿನ ಬುಟ್ಟಿ ಇಳಿಯುವೆಡೆಗೆ ಬಂದು ಕೂರುವುದು—ಇದು ವಿಶಿಷ್ಟ. ಇಲ್ಲಿ ಉಪಮೆಯಿಲ್ಲ, ಉತ್ಪ್ರೇಕ್ಷೆಯಿಲ್ಲ. ಆದರೂ ನೀರಿನ ನಡುವೆ ಬಾಳುವವರ ನಿರೀಕ್ಷೆಯೆಲ್ಲ ಧ್ವನಿತವಾಗುತ್ತದೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (೧೯೪೧) ಕಾದಂಬರಿಯ ಬಲವೂ ಈ ಬಗೆಯದೇ. ಅದರ ಕೋಡಿಯು ಕುದ್ರುವಲ್ಲದಿದ್ದರೂ ನೀರಿನ ನೆರೆಯ ಊರು. ಪಾರೋತಿ, ಸರಸೋತಿಯರ ನಿತ್ಯದ ಗೇಯ್ಮೆಯನ್ನು ಅಲ್ಲಿ ಹೊಗಳಿಕೆಯಿಂದಲ್ಲ, ವಿಶಿಷ್ಟದರ್ಶನದಿಂದ ಎತ್ತಿ ನಿಲ್ಲಿಸಲಾಗಿದೆ.

ಪಾಠಶಾಲೆಗಳಲ್ಲಿ ಅಲಂಕಾರವನ್ನು ಉಪಮಾ ರೂಪಕಗಳ ಪಟ್ಟಿಯಾಗಿಯೇ ಬೋಧಿಸಿದರೆ ಇಂತಹ ಗದ್ಯವು ನಿರಲಂಕಾರವೆಂದು ತೋರಿ, ವಿದ್ಯಾರ್ಥಿಯು ತನ್ನ ಊರು ಕಾವ್ಯಕ್ಕೆ ಅನರ್ಹವೆಂದು ಭಾವಿಸುವನು. ಗಿಳಿಗೆ ಸಂದ ಮನ್ನಣೆ ಮನೆಯ ಬೆಕ್ಕಿಗೂ ಸಲ್ಲಬೇಕು. ಕಾಣುವ ಕಣ್ಣೊಂದೇ ಅಲ್ಲಿ ಬೇಕಾದ ಯೋಗ್ಯತೆ.