ಕರ್ಣನ ಮೌನಸಹನೆ: ಒಂದು ವಿಚಾರ

ಕರ್ಣನ ಕಥೆಯನ್ನು ಬೋಧಿಸುವಾಗ, ಅವನು ಮೈಯಿಂದ ಕವಚವನ್ನು ಕೊಯ್ದುಕೊಟ್ಟುದನ್ನೂ, ಪರಶುರಾಮನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು ಕೀಟಬಾಧೆಯನ್ನು ಸಹಿಸಿದುದನ್ನೂ ತ್ಯಾಗಧೈರ್ಯಗಳಿಗೆ ನಿದರ್ಶನಗಳೆಂದು ಹೇಳುವುದು ರೂಢಿಯಾಗಿದೆ. ಈ ಮಾತು ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. ಕೇಳುವ ಹರೆಯದವರಲ್ಲಿ ತಮ್ಮ ಮೈಯನ್ನು ತಾವೇ ನೋಯಿಸಿಕೊಂಡು ಮರೆಮಾಡುವವರೂ ಇರಬಹುದೆಂಬುದನ್ನು ನೆನೆದರೆ, ಇದು ಕೇವಲ ರಸಾಸ್ವಾದದ ವಿಷಯವಾಗಿ ಉಳಿಯುವುದಿಲ್ಲ.

ವ್ಯಾಸಭಾರತದಲ್ಲಿ ಕವಚದಾನವು ವನಪರ್ವಕ್ಕೆ ಸೇರಿದುದು. ಅಲ್ಲಿ ಕರ್ಣನು ಪ್ರೌಢನು, ಅಂಗರಾಜನು. ಪಂಪನಾದರೋ ಕ್ರಿ. ಶ. 941ರ ವಿಕ್ರಮಾರ್ಜುನವಿಜಯದಲ್ಲಿ ಅದನ್ನು ಪ್ರಥಮಾಶ್ವಾಸಕ್ಕೆ ತಂದು, ಪರಶುರಾಮನಲ್ಲಿ ನಡೆದ ವಿದ್ಯಾಭ್ಯಾಸಕ್ಕಿಂತ ಮುಂಚಿತವಾಗಿ ಇರಿಸಿದನು. ಇದರಿಂದ ಮೈಯನ್ನು ಕೊಯ್ದುಕೊಳ್ಳುವುದೂ ನೋವನ್ನು ನುಂಗುವುದೂ ಒಂದೇ ಎಳೆಹರೆಯದ ಎರಡು ಮುಖಗಳಾಗಿ ತೋರುತ್ತವೆ.

ಇದಕ್ಕೆ ಮೂಲವೇನು? ಕುಂತಿಯು ಮಗುವನ್ನು ಹೊಳೆಗೆ ಬಿಟ್ಟುದೇ ಎಂದು ಒಡನೆ ಉತ್ತರ ಹೇಳಬಹುದು. ಆದರೆ ಸಾಕಿದ ರಾಧೆಯ ವಾತ್ಸಲ್ಯವು ಅಲ್ಪವಾದುದಲ್ಲವೆಂಬುದನ್ನು ಉದ್ಯೋಗಪರ್ವದಲ್ಲಿ ಕರ್ಣನೇ ಕೃಷ್ಣನಿಗೆ ಹೇಳುತ್ತಾನೆ. ಇಂದಿನ ಮನಶ್ಶಾಸ್ತ್ರವೂ ಇಲ್ಲಿ ಎಚ್ಚರಿಕೆಯಿಂದಲೇ ಮಾತನಾಡುತ್ತದೆ. ಮನೆಯವರ ಕಟುನಿಂದೆಗೂ ಅಕ್ಕರೆಯ ಅಭಾವಕ್ಕೂ ಎಳೆಯರ ಸ್ವಪೀಡನೆಗೂ ಸಂಬಂಧವುಂಟು. ಆದರೆ ಸಂಬಂಧಮಾತ್ರದಿಂದ ಕಾರಣವು ಸಿದ್ಧವಾಗದು. ನಡುವೆ ಆತ್ಮನಿಂದೆ, ಒಂದೇ ಕೊರಗನ್ನು ಮೆಲುಕುಹಾಕುವಿಕೆ ಮೊದಲಾದ ಚಿಂತನಕ್ರಮಗಳು ನಿಂತಿವೆ. ಇಂಥ ನಡತೆಯ ಉದ್ದೇಶವು ಬಹುವೇಳೆ ಮರಣವಲ್ಲ, ತಾಳಲಾರದ ತಳಮಳದಿಂದ ಬಿಡುಗಡೆ ಅಥವಾ ತನಗೆ ತಾನೇ ವಿಧಿಸಿಕೊಂಡ ದಂಡನೆ. ಹಾಗೆಂದು ಅಪಾಯವು ಕಡಮೆಯೆಂದು ಎಣಿಸತಕ್ಕುದಲ್ಲ.

ಕರ್ಣನ ದಾನವನ್ನು ಈ ವ್ಯಾಧಿಯೊಡನೆ ಸಮೀಕರಿಸುವುದು ಅವಿಚಾರವಾದೀತು. ಅವನು ಕೊಯ್ದುದು ಯಾಚಕನಿಗಾಗಿ. ಆದರೂ ಕೊಟ್ಟರೆ ಮಾತ್ರ ತನಗೆ ಬೆಲೆ, ಸಹಿಸಿದರೆ ಮಾತ್ರ ತಾನು ಅರ್ಹನು ಎಂಬ ಭಾವವು ಅವನಲ್ಲಿಯೂ ಇವರಲ್ಲಿಯೂ ಸಮಾನವೆಂದು ನಮಗೆ ತೋರುತ್ತದೆ. ಅವನು ಕೀಟವನ್ನು ಕೊಡಹದೆ ಇದ್ದುದಕ್ಕೆ ಶಾಂತಿಪರ್ವವು ಹೇಳುವ ಕಾರಣ ಶೌರ್ಯವಲ್ಲ, ಗುರುವಿನ ಭಯ. ಈ ಒಂದು ಮಾತನ್ನು ನಮ್ಮ ವ್ಯಾಖ್ಯಾನಗಳು ಬೇಗನೆ ದಾಟಿಹೋಗುತ್ತವೆ.

ಆ ಸಹನೆಯ ಫಲವಾದರೂ ಏನು? ರಕ್ತದ ಸ್ಪರ್ಶದಿಂದ ಎಚ್ಚತ್ತ ಗುರುವಿಗೆ ಶಿಷ್ಯನ ಧೈರ್ಯವೇ ಸಂದೇಹಕ್ಕೆ ಕಾರಣವಾಯಿತು. ಬ್ರಾಹ್ಮಣನು ಇಷ್ಟು ನೋವನ್ನು ಸಹಿಸಲಾರನೆಂದು ಬಗೆದು ಅವನ ಹುಟ್ಟನ್ನು ವಿಚಾರಿಸಿದನು. ಶಾಪಕ್ಕೆ ಕರ್ಣನ ಅಸತ್ಯವು ನಿಮಿತ್ತವೆಂಬುದು ದಿಟ. ಆದರೆ ಕುಲ ತಿಳಿದರೆ ವಿದ್ಯೆ ದೊರೆಯದೆಂಬ ಅಂಜಿಕೆಯೇ ಆ ಅಸತ್ಯವನ್ನು ಹುಟ್ಟಿಸಿತ್ತು. ಗಾಯವು ಕಣ್ಣೆದುರಿಗಿದ್ದರೂ ಪರೀಕ್ಷೆಗೆ ಗುರಿಯಾದುದು ಜಾತಿ.

ಆದುದರಿಂದ ಈ ಪ್ರಸಂಗವನ್ನು ಸಹನೆಯ ಸ್ತುತಿಯೆಂದು ಮಾತ್ರ ಓದುವುದು ಕಾವ್ಯಕ್ಕೆ ಮಾಡುವ ಅನ್ಯಾಯ. ಮೌನದಿಂದ ಪ್ರೀತಿಯನ್ನು ಗಳಿಸಬಹುದೆಂಬ ನಂಬಿಕೆ ಹೇಗೆ ಮುರಿಯುವುದೆಂಬುದನ್ನು ಅದು ಕಾಣಿಸುತ್ತದೆ. ಅದನ್ನು ಕಲಿಸುವ ಉಪಾಧ್ಯಾಯರು ಎಳೆಯನ ಗಾಯವನ್ನು ಕಂಡಾಗ ಮೊದಲು ಕೇಳಬೇಕಾದುದು ಅವನು ಯಾರೆಂಬುದನ್ನಲ್ಲ, ಅವನಿಗೆ ಏನು ನೋಯುತ್ತಿದೆಯೆಂಬುದನ್ನು.