ಮೆಟ್ನರನ ಪಿಟೀಲು–ಪಿಯಾನೋ ಸೊನಾಟಾ: ಒಂದು ಶ್ರವಣ ವಿಮರ್ಶೆ

ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಸಂಗೀತರಚಕ ನಿಕೊಲಾಯ್ ಮೆಟ್ನರನಿಗೆ ಆಶ್ರಯವಿತ್ತ ಸಂಗತಿಯನ್ನು ಕನ್ನಡಿಗರು ಅಭಿಮಾನದಿಂದ ಸ್ಮರಿಸುತ್ತಾರೆ. ಒಡೆಯರು 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದುದರಿಂದ ಈ ನಗರದ ಕನ್ನಡಿಗರಿಗೆ ಆ ಅಭಿಮಾನವು ಇನ್ನಷ್ಟು ಸಹಜವಾದುದು. ಆದರೆ ಅವರ ದ್ರವ್ಯಸಹಾಯದಿಂದ ಹೊರಬಂದ ಧ್ವನಿಮುದ್ರಿಕೆಗಳನ್ನು ಕಿವಿಗೊಟ್ಟು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

1940ರ ದಶಕದ ಉತ್ತರಾರ್ಧದಲ್ಲಿ 'ಹಿಸ್ ಮಾಸ್ಟರ್ಸ್ ವಾಯ್ಸ್' ಸಂಸ್ಥೆಗಾಗಿ ಮೆಟ್ನರನು ನುಡಿಸಿದ ಕೃತಿಗಳಲ್ಲಿ ಪಿಟೀಲು–ಪಿಯಾನೋಗಳ ಮೊದಲನೆಯ ಸೊನಾಟಾ (ಕೃತಿಸಂಖ್ಯೆ 21) ಒಂದು. ಪಿಟೀಲು ಸೆಸಿಲಿಯಾ ಹಾನ್ಸೆನ್ ಎಂಬಾಕೆಯದು. ಪಿಯಾನೋ ಸ್ವತಃ ರಚಕನದು.

ಮದರಾಸಿನ ಕಚೇರಿಗಳಲ್ಲಿ ಪಳಗಿದ ನಮ್ಮ ಕಿವಿಯು ಇಲ್ಲಿ ಮೊದಲು ಎಡವುತ್ತದೆ. ಎರಡು ವಾದ್ಯಗಳಿದ್ದರೆ ಒಂದನ್ನು ಪ್ರಧಾನವೆಂದೂ ಮತ್ತೊಂದನ್ನು ಪಕ್ಕವಾದ್ಯವೆಂದೂ ಎಣಿಸುವುದು ನಮ್ಮ ಅಭ್ಯಾಸ. ಅಂತೆಯೇ ಪಿಯಾನೋವನ್ನು ಪಿಟೀಲಿನ ಅನುಚರನೆಂದು ತಿಳಿಯುತ್ತೇವೆ. ವಸ್ತುತಃ ಇವು ಸಮಾನಸ್ಕಂಧರ ಸಂವಾದ. ಅವುಗಳ ಸ್ವಭಾವಗಳಾದರೋ ಪರಸ್ಪರ ವಿರುದ್ಧ. ಪಿಯಾನೋದಲ್ಲಿ ಸುತ್ತಿಗೆಯು ತಂತಿಗೆ ತಾಗಿದೊಡನೆಯೇ ನಾದವು ಕ್ಷೀಣಿಸತೊಡಗುತ್ತದೆ. ಅದರ ಶ್ರುತಿಯನ್ನು ಬೆರಳು ಮತ್ತೆ ಮಣಿಸಲಾರದು. ಪಿಟೀಲಿನ ಕಮಾನು ನಾದವನ್ನು ಬೆಳೆಸಬಲ್ಲುದು. ಬೆರಳು ಸ್ವರಗಳ ನಡುವೆ ಜಾರಬಲ್ಲುದು. ಬಾಲಸ್ವಾಮಿ ದೀಕ್ಷಿತರ ಕಾಲದಿಂದ ಪಿಟೀಲು ನಮ್ಮದಾದುದಕ್ಕೂ, ಗಮಕಕ್ಕೆ ಎಡೆಗೊಡದ ಪಿಯಾನೋ ಹೊರಗೇ ಉಳಿದುದಕ್ಕೂ ಇದೇ ಮುಖ್ಯ ಕಾರಣ.

ಮೆಟ್ನರನು ಈ ವಿರೋಧವನ್ನು ಮರೆಮಾಚುವುದಿಲ್ಲ. ಸೊನಾಟಾದ ಮೊದಲ ಭಾಗಕ್ಕೆ 'ಕಾನ್ಜೋನಾ', ಅಂದರೆ ಹಾಡು, ಎಂದು ಹೆಸರು. ಹಾಡು ಪಿಟೀಲಿಗೆ ಸುಲಭಸಾಧ್ಯ. ಅಳಿಯುತ್ತಿರುವ ನಾದಗಳನ್ನೇ ಪೋಣಿಸಿ ಹಾಡಬೇಕಾದುದು ಪಿಯಾನೋದ ಕಷ್ಟ. ಆ ಕಷ್ಟವನ್ನು ರಚಕನ ಬೆರಳುಗಳಿಂದಲೇ ಕೇಳುವುದು ಈ ಮುದ್ರಿಕೆಯ ವಿಶೇಷ.

ರಾಗಪದ್ಧತಿಯ ರಸಿಕನಿಗೆ ನಿಜವಾದ ತೊಡಕು ಬೇರೊಂದಿದೆ. ನಮ್ಮಲ್ಲಿ ತಂಬೂರಿಯ ಷಡ್ಜವು ಅಚಲ. ಇಲ್ಲಿ ಸ್ವರಮೇಳದ ನೆಲೆಯೇ ಸರಿಯುತ್ತ ಹೋಗುತ್ತದೆ. ಮೊದಲ ಶ್ರವಣಕ್ಕೆ ಇದು ಅಲೆದಾಟವೆಂದು ತೋರಿದರೆ ಆಶ್ಚರ್ಯವಿಲ್ಲ. ಪಿಟೀಲನ್ನು ಬಿಟ್ಟು ಪಿಯಾನೋದ ಮಂದ್ರಸ್ವರಗಳನ್ನೇ ಹಿಂಬಾಲಿಸಿ ಮತ್ತೊಮ್ಮೆ ಕೇಳಿದರೆ ಆ ಚಲನೆಯ ಕ್ರಮವು ಗೋಚರಿಸುವುದು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದು ಸುಮಾರು ನಾಲ್ಕು ನಿಮಿಷ ಮಾತ್ರ. ಆದುದರಿಂದ ಅಂದಿನ ಶ್ರೋತೃವಿಗೆ ಕೃತಿಯು ತುಂಡುತುಂಡಾಗಿ ಒದಗುತ್ತಿತ್ತು. ಇಂದು ಆ ತಡೆಯಿಲ್ಲ.

ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಒಡೆಯರಿಗೆ ಅರ್ಪಿಸಿ, 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಒಡೆಯರಾದರೋ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದವರು. ಅಚಲ ಷಡ್ಜವನ್ನೂ ಚಲಿಸುವ ನೆಲೆಯನ್ನೂ ಒಂದೇ ಕಿವಿಯು ಒಲಿಯಬಲ್ಲುದೆಂಬುದಕ್ಕೆ ಅವರೇ ನಿದರ್ಶನ. ಅವರ ಔದಾರ್ಯವನ್ನು ಹೊಗಳುವುದು ಸುಲಭ. ಅವರಂತೆ ಕೇಳುವುದು ಪರಿಶ್ರಮದ ಕೆಲಸ. ನಮ್ಮ ಅಭಿಮಾನವು ಸಾರ್ಥಕವಾಗುವುದು ಆ ಪರಿಶ್ರಮದಿಂದಲೇ.