ಸುಳಾದಿ ಕೇಳುವವರಿಗೆ

ಮುಂಬೈಯ ಆಂಟಾಪ್ ಹಿಲ್‌ನ ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸ್ ಕಡೆ ಸಂಜೆ ಹೊತ್ತು ಹೊರಟರೆ ಯಾವುದಾದರೂ ಕಿಟಕಿಯಿಂದ ಸಂಗೀತದ ಅಲಂಕಾರದ ಪಾಠ ಕೇಳೀತು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಇವು ಸುಳಾದಿ ಸಪ್ತತಾಳಗಳೆಂದು ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಹಾಗಾದರೆ ಸುಳಾದಿ ಎಂಬ ಹಾಡು ಎಲ್ಲಿ? ತಾಳಗಳಿಗೆ ಅದರ ಹೆಸರು ಉಳಿಯಿತು. ಹಾಡು ಮಾತ್ರ ಕಚೇರಿಯಿಂದ ಎದ್ದುಹೋಯಿತು.

ಪಲ್ಲವಿಗೆ ಕಾಯಬೇಡಿ

ದೇವರನಾಮ ಕೇಳಿ ಪಳಗಿದ ಕಿವಿ ಪಲ್ಲವಿ ಮರಳಿ ಬರಲೆಂದು ಕಾಯುತ್ತದೆ. ಸುಳಾದಿಗೆ ಹಿಂದಿರುಗುವ ಅಭ್ಯಾಸವಿಲ್ಲ. ಒಂದೊಂದು ಖಂಡ ಒಂದೊಂದು ತಾಳದಲ್ಲಿ ಮುಂದೆ ಮುಂದೆ ಸಾಗಿ, ಕೊನೆಗೆ ಎರಡೇ ಸಾಲಿನ ‘ಜತೆ’ಯಲ್ಲಿ ನಿಲ್ಲುತ್ತದೆ. ಹರಿದಾಸರಾದ ಶ್ರೀಪಾದರಾಜರು, ವ್ಯಾಸರಾಯರು, ಪುರಂದರದಾಸರು ಬೆಳೆಸಿದ ಈ ಪ್ರಕಾರವನ್ನು ವಿಜಯದಾಸರು (1682–1755) ಹೇರಳವಾಗಿ ಬಳಸಿದರು. ದೇವರನಾಮದಲ್ಲಿ ಹಿಡಿಸದಷ್ಟು ತತ್ತ್ವವನ್ನು ದಾಸರು ಇಲ್ಲಿ ತುಂಬಿದ್ದಾರೆ. ಆದ್ದರಿಂದ ಮೊದಲು ಸಾಹಿತ್ಯವನ್ನು ಒಮ್ಮೆ ಓದಿಕೊಳ್ಳಿ.

ತೊಡೆಯ ಮೇಲೆ ಕೈ ಇರಲಿ

ಸುಳಾದಿಯ ರುಚಿ ತಾಳ ಬದಲಾಗುವ ಗಳಿಗೆಯಲ್ಲಿದೆ. ಇಂದಿನ ಅಲಂಕಾರದ ಲೆಕ್ಕದಲ್ಲಿ ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ತ್ರಿಪುಟಕ್ಕೆ 7, ಏಕಕ್ಕೆ 4. ಧ್ರುವದ ಉದ್ದ ನಡೆಗೆ ಒಗ್ಗಿದ ಕೈಗೆ ಮುಂದಿನ ಖಂಡದಲ್ಲಿ ನೆಲವೇ ತುಸು ಸರಿದಂತಾಗುತ್ತದೆ. ಆಗ ಮಾತಿನ ಭಾವವೂ ಹೊರಳಿತೇ? ಗಮನಿಸಿ. ಲೆಕ್ಕ ತಪ್ಪಿದರೆ ನಾಚಿಕೆ ಬೇಡ, ಮುಂದಿನ ಸಮದಲ್ಲಿ ಸೇರಿಕೊಳ್ಳಿ.

ಈ ಮಟ್ಟು ಯಾರದು?

ದಾಸರ ಮಾತು ಓಲೆಗರಿಯಲ್ಲಿ, ಪುಸ್ತಕದಲ್ಲಿ ಉಳಿಯಿತು; ಮಟ್ಟು ಬಹುಪಾಲು ಬಾಯಲ್ಲೇ ಇತ್ತು, ಬಾಯೊಡನೆ ಹೋಯಿತು. ಸ್ವಲ್ಪ ಉಳಿದದ್ದು ತಂಜಾವೂರಿನಲ್ಲಿ. ಅಲ್ಲಿನ ಭೋಸಲೆ ದೊರೆ ತುಳಜ (ಆಳ್ವಿಕೆ 1728–36) ತನ್ನ ‘ಸಂಗೀತ ಸಾರಾಮೃತ’ದಲ್ಲಿ ರಾಗಲಕ್ಷಣ ಹೇಳುವಾಗ ಸುಳಾದಿಗಳ ಸ್ವರಸಂಚಾರಗಳನ್ನು ಉದಾಹರಿಸಿದ. ಅಲ್ಲಿಯ ಸರಸ್ವತಿ ಮಹಲ್ ಗ್ರಂಥಾಲಯದ ಹಸ್ತಪ್ರತಿಗಳಲ್ಲೂ ಸುಳಾದಿಗಳ ಸ್ವರಲಿಪಿ ಇದೆ. ಕನ್ನಡದ ಸುಳಾದಿಯನ್ನು ಮರಾಠಿ ಅರಸುಮನೆ ಕಾಪಾಡಿತೆಂಬ ಸುದ್ದಿ ಮುಂಬೈ ಕನ್ನಡಿಗರಿಗೆ ಹಿತವಾದೀತು. ನಮ್ಮ ಕಾಲದಲ್ಲಿ ಮೈಸೂರಿನ ರಾ. ಸತ್ಯನಾರಾಯಣರು (1927–2020) ಸುಳಾದಿ ಮತ್ತು ದಾಸರ ಇನ್ನೊಂದು ಪ್ರಕಾರವಾದ ಉಗಾಭೋಗಗಳ ಲಕ್ಷಣವನ್ನು ಶಾಸ್ತ್ರಗ್ರಂಥಗಳ ಬೆಳಕಿನಲ್ಲಿ ಬಿಡಿಸಿ ತೋರಿಸಿದರು.

ಆದ್ದರಿಂದ ಧ್ವನಿಮುದ್ರಿಕೆ ಸಿಕ್ಕಾಗ ವಿವರದ ಸಾಲು ನೋಡಿ. ಮಟ್ಟು ಹಸ್ತಪ್ರತಿಯದೇ, ಮನೆತನದ ಪಾಠವೇ, ಗಾಯಕರೇ ಹೊಸದಾಗಿ ಕೂಡಿಸಿದ್ದೇ? ಮೂರೂ ಕೇಳತಕ್ಕವೇ. ಹೊಸ ಮಟ್ಟನ್ನು ದಾಸರ ಮಟ್ಟೆಂದು ಮಾರುವುದು ಮಾತ್ರ ಸಲ್ಲದು. ರಾಗದ ಹೆಸರನ್ನೂ ಪೂರ್ತಿ ನಂಬಬೇಡಿ. ಹೆಸರು ನಿಂತು ರೂಪ ಬದಲಾಗುವುದುಂಟು. ಕಿಂಗ್ಸ್ ಸರ್ಕಲ್‌ನ ಷಣ್ಮುಖಾನಂದದಲ್ಲಿ ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳ ತೋಡಿ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಪಾರಾಯಣಕ್ಕೂ ಕಿವಿಗೊಡಿ

ವಿಜಯದಾಸರ ದುರ್ಗಾ ಸುಳಾದಿ, ನರಸಿಂಹ ಸುಳಾದಿ ಮಾಧ್ವರ ಮನೆಗಳಲ್ಲಿ ಇಂದಿಗೂ ನಿತ್ಯಪಾರಾಯಣ. ಅಜ್ಜಿ ಹೇಳುವ ಧಾಟಿಯಲ್ಲಿ ಮೂರ್ನಾಲ್ಕು ಸ್ವರಗಳಷ್ಟೇ ಇದ್ದಾವು, ತಾಳಗಳೆಲ್ಲ ಒಂದೇ ಓಟವಾಗಿರಬಹುದು. ಅದನ್ನು ತಿದ್ದಲು ಹೋಗಬೇಡಿ. ಖಂಡ ಮುಗಿದಲ್ಲಿ ಆಕೆ ಉಸಿರು ಎಳೆದುಕೊಳ್ಳುವ ಜಾಗ, ‘ಜತೆ’ಗೆ ಬಂದಾಗ ನಿಧಾನಿಸುವ ರೀತಿ, ಇವು ಯಾವ ಸ್ವರಲಿಪಿಯಲ್ಲೂ ಸಿಗಲಾರವು.

ನೀವು ಮಾಡಬಹುದಾದ ಕೆಲಸ

ಧ್ವನಿಮುದ್ರಣಕ್ಕೆ ಮೊಬೈಲನ್ನು ದೇವರ ಮನೆಯ ಹೊಸ್ತಿಲಲ್ಲಿಡಿ. ಹಾಡುವ ಮೊದಲು ಅಜ್ಜಿಯ ಬಾಯಿಂದಲೇ ಹೇಳಿಸಿ: ಯಾರಿಂದ ಕಲಿತದ್ದು, ಯಾವ ಊರಲ್ಲಿ, ಸುಮಾರು ಯಾವ ವರ್ಷ. ನಿಲ್ಲಿಸದೆ ಜತೆಯವರೆಗೂ ಹಾಡಲಿ. ನಡುವೆ ಕುಕ್ಕರ್ ಕೂಗಿದರೆ ಕೂಗಲಿ. ಒಂದು ಪ್ರತಿ ಮಕ್ಕಳ ಹತ್ತಿರ, ಇನ್ನೊಂದು ಕಲಿಯುವವರ ಹತ್ತಿರ ಇರಲಿ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಯಾರೂ ಕಾಯಂ ಅಲ್ಲ. ನಿವೃತ್ತಿಯಾದರೆ ಮನೆ ಖಾಲಿ ಮಾಡಬೇಕು, ಒಂದು ಸಂಸಾರ ಧಾರವಾಡಕ್ಕೆ, ಇನ್ನೊಂದು ಡೊಂಬಿವಲಿಗೆ. ಪಕ್ಕದ ಬ್ಲಾಕಿನ ಅಜ್ಜಿಯ ಸುಳಾದಿಯನ್ನು ಟೆಂಪೋಗೆ ಸಾಮಾನು ಏರಿಸುವ ಮೊದಲೇ ಹಿಡಿದಿಟ್ಟುಕೊಳ್ಳಿ.